ಬೆಂಗಳೂರಿನ ‘ಗೇ ಬಾರ್’: ಫಾರ್ವರ್ಡ್ ಹೇಳುವುದೇನು, ನಿಜವೇನು?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಈ ಬಗೆಯ ಸಂದೇಶ ನಿಮಗೆ ಹೊಸದಲ್ಲ. ಮಸುಕು ಬೆಳಕಿನಲ್ಲಿ ಕುಣಿಯುತ್ತಿರುವ ಗಂಡಸರ ಒಂದು ವಿಡಿಯೊ. ಕೆಳಗೆ ನಾಲ್ಕು ಸಾಲು: ಬೆಂಗಳೂರಿನಲ್ಲಿ ‘ಗೇ ಬಾರ್’ಗಳು ಶುರುವಾಗಿವೆ, ಹಳ್ಳಿಯಿಂದ ಹೋದ ಹುಡುಗರನ್ನು ಅಲ್ಲಿ ಕುಡಿಸಿ ಕೆಡಿಸುತ್ತಾರೆ, ರೋಗ ಅಂಟಿಸಿ ಕಳಿಸುತ್ತಾರೆ, ಪೊಲೀಸರೂ ಏನೂ ಮಾಡುತ್ತಿಲ್ಲ. ಕೊನೆಗೆ, ಎಲ್ಲ ಗುಂಪುಗಳಿಗೂ ಕಳಿಸಿ, ಒಂದು ಮನೆ ಉಳಿಸಿ ಎಂಬ ಮನವಿ.

ಮಗನನ್ನು ಬೆಂಗಳೂರಿಗೆ ಓದಲೋ ಕೆಲಸಕ್ಕೋ ಕಳಿಸಿರುವ ತಂದೆತಾಯಿ ಇದನ್ನು ಓದಿದರೆ ಎದೆ ಧಸಕ್ಕೆನ್ನುವುದು ಸಹಜ. ಆ ಭಯವನ್ನು ನಾವು ತಮಾಷೆ ಮಾಡುವುದಿಲ್ಲ. ಆದರೆ ಅದೇ ಗುಂಪಿನಲ್ಲಿ ಇನ್ನೊಬ್ಬರೂ ಆ ಸಂದೇಶ ಓದುತ್ತಿರುತ್ತಾರೆ. ತನಗೆ ಹುಡುಗಿಯರ ಮೇಲೆ ಆಕರ್ಷಣೆ ಇಲ್ಲ, ಹುಡುಗರ ಮೇಲಿದೆ ಎಂದು ಯಾರಿಗೂ ಹೇಳಲಾಗದೆ ಒಳಗೊಳಗೇ ಕುಗ್ಗಿರುವ ಹುಡುಗ. ಅವನು ಯಾರೋ ದೂರದವನಲ್ಲ, ನಿಮ್ಮ ಅಕ್ಕನ ಮಗನೋ ಪಕ್ಕದ ಬೀದಿಯವನೋ ಆಗಿರಬಹುದು. ನೀವು ಏನನ್ನು ಫಾರ್ವರ್ಡ್ ಮಾಡುತ್ತೀರಿ ಎಂಬುದನ್ನು ಅವನು ನೋಡುತ್ತಿರುತ್ತಾನೆ. ಹಾಗಾಗಿ ಇವತ್ತು ಈ ವಿಷಯವನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲಿಗೆ, ಗೇ ಬಾರ್ ಅಂದರೆ ಏನು?

‘ಗೇ’ ಎಂದರೆ ಗಂಡಸರ ಕಡೆಗೇ ಆಕರ್ಷಣೆ ಇರುವ ಗಂಡಸು. ಹೆಂಗಸರ ಕಡೆಗೆ ಆಕರ್ಷಣೆ ಇರುವ ಹೆಂಗಸರನ್ನು ‘ಲೆಸ್ಬಿಯನ್’ ಎನ್ನುತ್ತಾರೆ. ಹುಟ್ಟಿನಲ್ಲಿ ಗುರುತಿಸಿದ ಲಿಂಗವೂ ತನ್ನ ಮನಸ್ಸು ಹೇಳುವ ಲಿಂಗವೂ ಬೇರೆಯಾಗಿರುವವರು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು. ಇವು ಬೇರೆ ಬೇರೆ ಸಂಗತಿಗಳು. ಫಾರ್ವರ್ಡ್‌ಗಳು ಎಲ್ಲವನ್ನೂ ಒಂದೇ ಮಂಕರಿಗೆ ಸುರಿಯುತ್ತವೆ. ಇವರೆಲ್ಲರನ್ನೂ ಸೇರಿಸಿ ಕನ್ನಡದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎನ್ನುವ ರೂಢಿ ಇದೆ. ಈಗಿನ ಯುವಜನ ‘ಕ್ವಿಯರ್’ ಎನ್ನುವ ಪದವನ್ನೂ ಬಳಸುತ್ತಾರೆ.

ಗೇ ಬಾರ್ ಎಂದರೆ ಇಂಥವರು ಯಾರ ಕಣ್ಣಿಗೂ ಹೆದರದೆ ಕೂತು ಮಾತಾಡುವ, ಊಟ ಮಾಡುವ, ಕುಣಿಯುವ ಬಾರ್. ಅಷ್ಟೇ. ಇಂಥ ಜಾಗಗಳು ಹುಟ್ಟಿದ್ದೇ ಬೇರೆಡೆ ಜಾಗ ಸಿಗದಿದ್ದುದರಿಂದ. ಅಮೆರಿಕದ ನ್ಯೂಯಾರ್ಕಿನಲ್ಲಿ ‘ಸ್ಟೋನ್‌ವಾಲ್ ಇನ್’ ಎಂಬ ಬಾರ್ ಇದೆ. 1969ರ ಜೂನ್ 28ರ ನಸುಕಿನಲ್ಲಿ ಪೊಲೀಸರು ಅಲ್ಲಿಗೆ ದಾಳಿ ಮಾಡಿದಾಗ, ಆಗಾಗ ಇಂಥ ದಾಳಿ ಕಂಡು ಬೇಸತ್ತಿದ್ದ ಗಿರಾಕಿಗಳು ಮೊದಲ ಬಾರಿಗೆ ತಿರುಗಿ ನಿಂತರು. ಹಲವು ದಿನ ಪ್ರತಿಭಟನೆ ನಡೆಯಿತು. ಜಗತ್ತಿನ ಹಲವು ಕಡೆ ಜೂನ್ ತಿಂಗಳಲ್ಲಿ ‘ಪ್ರೈಡ್’ ಮೆರವಣಿಗೆ ನಡೆಯುವುದು ಇದರ ನೆನಪಿಗೆ.

ಬೆಂಗಳೂರಿನಲ್ಲಿ ಇರುವುದೇನು?

ಫಾರ್ವರ್ಡ್ ಓದಿದರೆ ಬೆಂಗಳೂರಿನ ಬೀದಿಬೀದಿಯಲ್ಲೂ ಬೋರ್ಡು ಹಾಕಿಕೊಂಡ ಗೇ ಬಾರ್‌ಗಳಿವೆ ಎನ್ನಿಸುತ್ತದೆ. ವಾಸ್ತವ ಹಾಗಿಲ್ಲ. ಬ್ಯಾಂಕಾಕ್, ಲಂಡನ್‌ಗಳಲ್ಲಿ ಇರುವಂತೆ ವರ್ಷವಿಡೀ ಗೇ ಸಮುದಾಯಕ್ಕೆಂದೇ ನಡೆಯುವ ಬಾರ್‌ಗಳ ಬೀದಿ ಬೆಂಗಳೂರಿನಲ್ಲಿ ಇಲ್ಲ. ಇಲ್ಲಿನ ಪದ್ಧತಿ ಬೇರೆ. ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲದಂಥ ಕಡೆ ಇರುವ ಮಾಮೂಲಿ ಪಬ್ ಅಥವಾ ಕ್ಲಬ್ ವಾರದ ಅಥವಾ ತಿಂಗಳ ಒಂದು ರಾತ್ರಿಯನ್ನು ಇದಕ್ಕೆಂದು ಬಿಟ್ಟುಕೊಡುತ್ತದೆ. ಇದನ್ನು ‘ಕ್ವಿಯರ್ ನೈಟ್’ ಎನ್ನುತ್ತಾರೆ. ಮರುದಿನ ಅದೇ ಜಾಗದಲ್ಲಿ ಆಫೀಸಿನವರ ಪಾರ್ಟಿ ನಡೆಯುತ್ತಿರುತ್ತದೆ.

ಸಂಘಟಕರು ಬದಲಾಗುತ್ತಾರೆ, ಜಾಗಗಳು ಬದಲಾಗುತ್ತವೆ. ಆದ್ದರಿಂದ ‘ಬೆಂಗಳೂರಿನ ಹತ್ತು ಗೇ ಬಾರ್‌ಗಳ ಪಟ್ಟಿ’ ಎಂದು ಬರುವ ಸಂದೇಶಗಳನ್ನು, ಅವು ಹೊಗಳಲು ಬಂದಿರಲಿ ತೆಗಳಲು ಬಂದಿರಲಿ, ನಂಬಬೇಡಿ. ಹೋದ ವರ್ಷ ಸರಿಯಿದ್ದ ಪಟ್ಟಿ ಈ ವರ್ಷ ಸುಳ್ಳಾಗಿರುತ್ತದೆ. ಕಾರ್ಯಕ್ರಮ ನಡೆಸುವವರ ಇನ್‌ಸ್ಟಾಗ್ರಾಂ ಪುಟ ಮತ್ತು ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಸಿಗುವ ಮಾಹಿತಿಯೇ ಹೆಚ್ಚು ಖಚಿತ.

ಹೆಸರು ಹೇಳಬಹುದಾದ ಒಂದು ಜಾಗವೆಂದರೆ ಲಲಿತ್ ಅಶೋಕ್ ಹೋಟೆಲಿನ ‘ಕಿಟ್ಟಿ ಕೋ’ ಕ್ಲಬ್. ಅಲ್ಲಿನ ಡ್ರ್ಯಾಗ್ ಪ್ರದರ್ಶನಗಳು ಹೆಸರು ಮಾಡಿದವು. ಆ ಹೋಟೆಲ್ ಸಮೂಹದ ಕೇಶವ್ ಸೂರಿ ಅವರು ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಘೋಷಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರು.

ಡ್ರ್ಯಾಗ್ ಎಂದರೆ ಗಂಡಸು ಹೆಣ್ಣಿನ ವೇಷ ತೊಟ್ಟು ಹಾಡುವ, ಕುಣಿಯುವ, ನಗಿಸುವ ರಂಗಕಲೆ. ಹೆಂಗಸರು ಗಂಡು ವೇಷ ತೊಡುವುದೂ ಉಂಟು. ಗುಬ್ಬಿ ಕಂಪನಿಯ ಕಾಲದ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಗಂಡಸರನ್ನು, ಯಕ್ಷಗಾನದ ಸ್ತ್ರೀವೇಷವನ್ನು ನೋಡಿ ಬೆಳೆದ ನಾಡು ನಮ್ಮದು. ವೇಷ ಹೊಸದಲ್ಲ, ಕ್ಲಬ್ಬಿನ ಬೆಳಕು ಮಾತ್ರ ಹೊಸದು. ವೇಷ ಹಾಕಿದವರೆಲ್ಲ ಗೇ ಅಲ್ಲ, ಗೇ ಆದವರೆಲ್ಲ ವೇಷ ಹಾಕುವುದೂ ಇಲ್ಲ.

ಒಳಗೆ ನಡೆಯುವುದೇನು?

ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ, 21 ತುಂಬಿರಬೇಕು ಎನ್ನುತ್ತಾರೆ. ‘ಕವರ್ ಚಾರ್ಜ್’ ಎಂದು ಪ್ರವೇಶ ದರ ಇರುತ್ತದೆ. ಒಳಗೆ ಜೋರು ಹಾಡು, ಕುಣಿತ, ಕುಡಿತ, ತಿಂಡಿ. ಬೆಂಗಳೂರಿನಲ್ಲಿ ಈಗ ರಾತ್ರಿ 1 ಗಂಟೆಯವರೆಗೆ ಬಾರ್ ತೆರೆದಿರಲು ಅನುಮತಿಯಿದೆ. ಆಮೇಲೆ ಎಲ್ಲ ಪಬ್‌ಗಳಂತೆ ಇದೂ ಬಾಗಿಲು ಹಾಕುತ್ತದೆ. ಅಬಕಾರಿ ನಿಯಮ, ಪೊಲೀಸರ ಗಸ್ತು, ಮಾದಕ ವಸ್ತು ತಡೆ ಕಾಯ್ದೆ ಎಲ್ಲವೂ ಬೇರೆ ಪಬ್‌ಗಳಿಗೆ ಅನ್ವಯಿಸಿದಂತೆಯೇ ಇಲ್ಲಿಗೂ ಅನ್ವಯಿಸುತ್ತವೆ.

ಒಂದು ವ್ಯತ್ಯಾಸವಿದೆ. ಬೆಂಗಳೂರಿನ ಎಷ್ಟೋ ಕ್ಲಬ್‌ಗಳು ವಾರಾಂತ್ಯದಲ್ಲಿ ಜೋಡಿ ಇಲ್ಲದ ಗಂಡಸರನ್ನು ಒಳಗೆ ಬಿಡುವುದಿಲ್ಲ, ಬಿಟ್ಟರೂ ಹೆಚ್ಚು ಹಣ ಕೇಳುತ್ತವೆ. ಇಬ್ಬರು ಗಂಡಸರು ಜೊತೆಯಾಗಿ ಹೋದರೆ ಅವರನ್ನು ಜೋಡಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ವಿಯರ್ ನೈಟ್‌ಗಳಲ್ಲಿ ಈ ತಕರಾರು ಇರುವುದಿಲ್ಲ. ಹೆಂಗಸರೂ ಗೇ ಅಲ್ಲದ ಸ್ನೇಹಿತರೂ ಬರುತ್ತಾರೆ. ಗಂಡಸರು ಮೈಮೇಲೆ ಬೀಳುವ ಕಾಟ ಇಲ್ಲಿ ಕಡಿಮೆ ಎಂದು ಬರುವ ಹೆಣ್ಣುಮಕ್ಕಳೂ ಇದ್ದಾರೆ.

ಇನ್ನೊಂದು ಸತ್ಯವನ್ನೂ ಹೇಳಬೇಕು. ಈ ಲೋಕ ಎಲ್ಲರಿಗೂ ಸಮನಾಗಿ ತೆರೆದಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವರ ಮಗನಿಗೆ ಪಬ್ಬಿನ ಒಂದು ರಾತ್ರಿಯ ಖರ್ಚು ಹಲವು ದಿನದ ಕೂಲಿಯಾಗಬಹುದು. ಒಳಗೆ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬಟ್ಟೆ, ಚಪ್ಪಲಿ ನೋಡಿ ಬಾಗಿಲಲ್ಲೇ ಅಳೆಯುವುದುಂಟು. ಟ್ರಾನ್ಸ್‌ಜೆಂಡರ್ ಹೆಂಗಸರನ್ನು ಬಾಗಿಲಲ್ಲಿ ತಡೆದ ದೂರುಗಳೂ ದೇಶದ ಬೇರೆ ಬೇರೆ ನಗರಗಳಿಂದ ಬಂದಿವೆ. ‘ಹಳ್ಳಿ ಹುಡುಗರನ್ನು ಎಳೆದು ಒಳಗೆ ಹಾಕಿಕೊಳ್ಳುತ್ತಾರೆ’ ಎಂಬುದಕ್ಕೆ ಇದು ತೀರ ತದ್ವಿರುದ್ಧ. ಬಹಳ ಸಲ ಹಳ್ಳಿ ಹುಡುಗನಿಗೆ ಆ ಬಾಗಿಲು ದಾಟುವುದೇ ಕಷ್ಟ.

ಪಬ್‌ಗಳಿಗೂ ಮೊದಲು

ಹಾಗಾದರೆ ಇವರೆಲ್ಲ ಮೊದಲು ಎಲ್ಲಿದ್ದರು? ಇಲ್ಲೇ ಇದ್ದರು. ಪಬ್ಬಿಗೆ ದುಡ್ಡಿಲ್ಲದವರು ಪಾರ್ಕು, ಬಸ್ ನಿಲ್ದಾಣ, ಸಿನಿಮಾ ಟಾಕೀಸುಗಳಲ್ಲಿ ಭೇಟಿಯಾಗುತ್ತಿದ್ದರು. ಅಲ್ಲಿ ಅವರನ್ನು ಹಿಡಿದು ಬೆದರಿಸುವುದು ಸುಲಭವಾಗಿತ್ತು. ಕಾರಣ ಭಾರತೀಯ ದಂಡ ಸಂಹಿತೆಯ 377ನೇ ಕಲಂ. ಬ್ರಿಟಿಷರು 1860ರಲ್ಲಿ ರೂಪಿಸಿದ ಈ ಕಲಂ ‘ನಿಸರ್ಗದ ಕ್ರಮಕ್ಕೆ ವಿರುದ್ಧವಾದ’ ಲೈಂಗಿಕ ಕ್ರಿಯೆಗೆ ಜೀವಾವಧಿಯವರೆಗೆ ಶಿಕ್ಷೆ ಹೇಳುತ್ತಿತ್ತು. ಕೋರ್ಟಿನಲ್ಲಿ ಸಾಬೀತಾದ ಪ್ರಕರಣಗಳಿಗಿಂತ, ‘ಮನೆಗೆ ಹೇಳುತ್ತೇನೆ, ಕೇಸು ಹಾಕುತ್ತೇನೆ’ ಎಂದು ಹಣ, ವಾಚು ಕಿತ್ತುಕೊಳ್ಳಲು ಈ ಕಲಂ ಹೆಚ್ಚು ಬಳಕೆಯಾಯಿತು. ಬೆಂಗಳೂರಿನಲ್ಲಿ ನಡೆದ ಇಂಥ ದೌರ್ಜನ್ಯಗಳನ್ನು ಪಿಯುಸಿಎಲ್ ಕರ್ನಾಟಕ ಘಟಕವು 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿದೆ.

ಇದರ ನಡುವೆಯೇ ಬೆಂಗಳೂರಿನಲ್ಲಿ ಬೇರೊಂದು ಬಗೆಯ ಜಾಗಗಳೂ ಹುಟ್ಟಿದವು. ‘ಗುಡ್ ಆ್ಯಸ್ ಯು’ ಎಂಬ ಗುಂಪು 1994ರಿಂದ ವಾರಕ್ಕೊಮ್ಮೆ ಸೇರಿ ಮಾತಾಡುವ ರೂಢಿ ಮಾಡಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಶುರುವಾಯಿತು. ಇಂಗ್ಲಿಷ್ ಬಾರದ, ಬಡ ಮನೆಗಳಿಂದ ಬಂದ ಲೈಂಗಿಕ ಅಲ್ಪಸಂಖ್ಯಾತರ ಜೊತೆ ಕನ್ನಡದಲ್ಲೇ ಕೆಲಸ ಮಾಡಿದ್ದು ಅದರ ವಿಶೇಷ. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಗುರುತು ಸಿಗಬಾರದೆಂದು ಮುಖವಾಡ ತೊಟ್ಟು ನಡೆದವರೂ ಅದರಲ್ಲಿದ್ದರು. ಈಗ ಪ್ರತಿ ವರ್ಷ ನಡೆಯುವ ಆ ಹಬ್ಬಕ್ಕೆ ‘ಕ್ವಿಯರ್ ಹಬ್ಬ’ ಎಂಬ ಕನ್ನಡದ ಹೆಸರೇ ಇದೆ.

ಈಗ ಕಾನೂನು ಏನು ಹೇಳುತ್ತದೆ?

‘ಪೊಲೀಸರು ಯಾಕೆ ಸುಮ್ಮನಿದ್ದಾರೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದರ ಬಲದ ಮೇಲೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಕಲಮೇ ಇಲ್ಲ.

ಇದರರ್ಥ ಎಲ್ಲ ಹಕ್ಕುಗಳೂ ಸಿಕ್ಕಿವೆ ಎಂದಲ್ಲ. ಸಲಿಂಗ ಮದುವೆಗೆ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಬ್ಬರು ಜೊತೆಯಾಗಿ ಬಾಳಬಹುದು, ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಆದರೆ ಗಂಡ–ಹೆಂಡತಿಗೆ ಸಿಗುವ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಹೊಸ ಸಂಹಿತೆಯಲ್ಲಿ ಇನ್ನೊಂದು ಕೊರತೆಯೂ ಇದೆ. ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅದಕ್ಕೆಂದೇ ಇರುವ ಕಲಂ ಅದರಲ್ಲಿಲ್ಲ. ಹಲ್ಲೆ, ಅಕ್ರಮ ಬಂಧನ, ಬೆದರಿಕೆಯಂಥ ಬೇರೆ ಕಲಮುಗಳಡಿ ದೂರು ಕೊಡಬೇಕಾಗುತ್ತದೆ. 18 ವರ್ಷದೊಳಗಿನವರಿಗಾದರೆ ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

ಫಾರ್ವರ್ಡ್‌ನ ಮಾತು ಮತ್ತು ವಾಸ್ತವ

ಮಾತು: ಬೆಂಗಳೂರಿಗೆ ಹೋಗಿ, ಇಂಥ ಬಾರ್‌ಗಳಲ್ಲಿ ಕುಡಿದು ಹುಡುಗರು ಗೇ ಆಗುತ್ತಾರೆ.

ವಾಸ್ತವ: ಕುಡಿತ ನಾಲಗೆ ಸಡಿಲ ಮಾಡಬಹುದು, ಆಕರ್ಷಣೆಯ ದಿಕ್ಕನ್ನು ಬದಲಿಸುವುದಿಲ್ಲ. ಯಾರಾದರೂ ಗೇ ಯಾಕೆ ಆಗಿರುತ್ತಾರೆ ಎಂಬುದಕ್ಕೆ ಒಂದೇ ಕಾರಣವಿಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ನೋಡಿದ ಅಧ್ಯಯನವು ‘ಗೇ ಜೀನ್’ ಎಂಬ ಒಂದೇ ಒಂದು ವಂಶವಾಹಿ ಇಲ್ಲ, ಹಲವು ವಂಶವಾಹಿಗಳ ಸಣ್ಣಸಣ್ಣ ಪ್ರಭಾವ ಮತ್ತು ಬೇರೆ ಅಂಶಗಳು ಸೇರಿರುತ್ತವೆ ಎಂದಿತು. ಸಹವಾಸದಿಂದಲೋ ಸಿನಿಮಾದಿಂದಲೋ ಅಂಟುತ್ತದೆ ಎನ್ನಲು ಆಧಾರವಿಲ್ಲ. ಬೆಂಗಳೂರಿಗೆ ಹೋದ ಮೇಲೆ ಗೊತ್ತಾಯಿತು ಎಂದರೆ, ಅಲ್ಲಿ ಹೇಳಿಕೊಳ್ಳಲು ಧೈರ್ಯ ಸಿಕ್ಕಿತು ಎಂದರ್ಥ.

ಮಾತು: ಇದೊಂದು ಕಾಯಿಲೆ, ಡಾಕ್ಟರಿಗೆ ತೋರಿಸಿದರೆ ಸರಿಹೋಗುತ್ತದೆ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಹೇಳಿದೆ. ಶಾಕ್ ಕೊಡುವುದು, ಔಷಧಿ ಕೊಡುವುದು, ಪೂಜೆ, ತಾಯಿತದ ಹೆಸರಿನಲ್ಲಿ ಕೂಡಿಹಾಕುವುದು ಇವು ಯಾವುವೂ ಕೆಲಸ ಮಾಡುವುದಿಲ್ಲ. ಬದಲಿಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚುತ್ತದೆ. ‘ಸರಿಮಾಡುತ್ತೇವೆ’ ಎನ್ನುವ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಪರಿಗಣಿಸುವಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು.

ಮಾತು: ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ.

ವಾಸ್ತವ: ನಮ್ಮ ಕಡೆ ಅತಿ ಹೆಚ್ಚು ಹಾನಿ ಮಾಡುವ ಮಾತು ಇದೇ. ಮದುವೆಯಿಂದ ಆಕರ್ಷಣೆ ಬದಲಾಗುವುದಿಲ್ಲ. ಮೊದಲು ಒಬ್ಬನ ಸಂಕಟವಾಗಿದ್ದದ್ದು ಈಗ ಇಬ್ಬರದಾಗುತ್ತದೆ. ಏನೂ ಗೊತ್ತಿಲ್ಲದೆ ಬಂದ ಹೆಣ್ಣುಮಗಳು ‘ನನ್ನಲ್ಲೇ ಏನೋ ಕೊರತೆ’ ಎಂದು ವರ್ಷಗಟ್ಟಲೆ ಕೊರಗುತ್ತಾಳೆ. ಮಕ್ಕಳಾಗಲಿಲ್ಲವೆಂದರೆ ಊರು ಅವಳನ್ನೇ ಆಡಿಕೊಳ್ಳುತ್ತದೆ. ಮಗ ‘ಈಗಲೇ ಮದುವೆ ಬೇಡ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರೆ, ಜಾತಕ ತೆಗೆಯುವ ಮೊದಲು ಅವನ ಜೊತೆ ಒಂದು ಸಂಜೆ ಕೂತು ಮಾತಾಡಿ. ನಿಮ್ಮದೇ ಮಗಳನ್ನು ಗೊತ್ತಿದ್ದೂ ಅಂಥ ಮನೆಗೆ ಕೊಡುತ್ತೀರಾ ಎಂದೂ ಕೇಳಿಕೊಳ್ಳಿ.

ಮಾತು: ಅಲ್ಲಿಗೆ ಹೋದವರಿಗೆಲ್ಲ ಏಡ್ಸ್ ಬರುತ್ತದೆ.

ವಾಸ್ತವ: ಎಚ್‌ಐವಿ ಬಾರಿನಿಂದ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ, ಕೈಕುಲುಕಿದರೆ, ಅಪ್ಪಿಕೊಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಹಂಚಿಕೊಂಡ ಸೂಜಿ, ಸೋಂಕಿರುವ ರಕ್ತ ಹಾಗೂ ತಾಯಿಯಿಂದ ಮಗುವಿಗೆ ಬರುತ್ತದೆ. ಗಂಡಸರ ನಡುವೆ ಕಾಂಡೋಮ್ ಇಲ್ಲದ ಗುದ ಸಂಭೋಗದಲ್ಲಿ ಅಪಾಯ ಹೆಚ್ಚು ಎಂಬುದು ನಿಜ, ಅದನ್ನು ಮುಚ್ಚಿಡಬಾರದು. ಕಾಂಡೋಮ್ ಮತ್ತು ನೀರಿನಂಶದ ಲೂಬ್ರಿಕೆಂಟ್ ಈ ಅಪಾಯವನ್ನು ಬಹಳ ತಗ್ಗಿಸುತ್ತವೆ. ಸೋಂಕು ತಗಲಿರಬಹುದೆಂಬ ಅನುಮಾನ ಬಂದರೆ 72 ಗಂಟೆಯೊಳಗೆ, ಆದಷ್ಟು ಬೇಗ ಆಸ್ಪತ್ರೆಗೆ ಹೋಗಬೇಕು. 28 ದಿನ ತೆಗೆದುಕೊಳ್ಳುವ ‘ಪೆಪ್’ ಮಾತ್ರೆಗಳಿಂದ ಸೋಂಕು ತಡೆಯುವ ಅವಕಾಶ ಇರುತ್ತದೆ. ಮೊದಲೇ ತೆಗೆದುಕೊಳ್ಳುವ ‘ಪ್ರೆಪ್’ ಮಾತ್ರೆಯೂ ಇದೆ, ಅದನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಯುವುದು ಕಡ್ಡಾಯ. ಸೋಂಕಿದ್ದವರೂ ಸರಿಯಾಗಿ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಬೇರೆಯವರಿಗೆ ಹರಡುವುದಿಲ್ಲ.

ಮಾತು: ಇದು ವಿದೇಶದಿಂದ ಬಂದದ್ದು, ನಮ್ಮಲ್ಲಿ ಇರಲಿಲ್ಲ.

ವಾಸ್ತವ: ಪಬ್ಬು ವಿದೇಶದಿಂದ ಬಂದದ್ದು ಸರಿ, ಜನ ಇಲ್ಲಿಯವರೇ. ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರನ್ನು ಉತ್ತರ ಕರ್ನಾಟಕ ಎಷ್ಟೋ ತಲೆಮಾರುಗಳಿಂದ ಬಲ್ಲದು. ಜೋಗತಿ ಪರಂಪರೆಯ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಕರ್ನಾಟಕವು ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ 1ರಷ್ಟು ಮೀಸಲಾತಿ ತಂದಿತು. ವಸುಧೇಂದ್ರ ಅವರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಕನ್ನಡದಲ್ಲೇ ಬಂದು, ಗೇ ವ್ಯಕ್ತಿಯೊಬ್ಬನ ಬದುಕನ್ನು ಕನ್ನಡದ ಓದುಗರ ಮುಂದಿಟ್ಟಿತು. ಹೊರಗಿನಿಂದ ಬಂದದ್ದು ಎಂದರೆ 377ನೇ ಕಲಂ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಅಪಾಯ ಇಲ್ಲ ಎಂದು ನಾವು ಹೇಳುತ್ತಿಲ್ಲ. ಇದೆ. ಆದರೆ ಫಾರ್ವರ್ಡ್ ತೋರಿಸುವ ಕಡೆ ಇಲ್ಲ.

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಹನೂರಿನ 22ರ ಹುಡುಗನೊಬ್ಬ ಡೇಟಿಂಗ್ ಆ್ಯಪ್ ಹಾಕಿಕೊಂಡಿದ್ದಾನೆ. ಆ ಕಡೆಯವನು ಚೆನ್ನಾಗಿ ಮಾತಾಡುತ್ತಾನೆ, ಫೋಟೊ ಕೇಳುತ್ತಾನೆ, ವಿಡಿಯೊ ಕಾಲ್ ಮಾಡುತ್ತಾನೆ. ಅಥವಾ ಯಾವುದೋ ಬಾಡಿಗೆ ಕೋಣೆಗೆ ಕರೆಯುತ್ತಾನೆ. ಹೋದರೆ ಒಳಗೆ ನಾಲ್ವರು. ಹೊಡೆದು, ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡಿ, ಫೋನ್‌ಪೇಯಲ್ಲಿ ಇದ್ದಷ್ಟನ್ನೂ ಹಾಕಿಸಿಕೊಳ್ಳುತ್ತಾರೆ. ‘ನಿಮ್ಮಪ್ಪನಿಗೆ ಕಳಿಸುತ್ತೇವೆ, ಊರಿನ ಗುಂಪಿಗೆ ಹಾಕುತ್ತೇವೆ’ ಎಂದು ವಾರವಾರ ಹಣ ಕೇಳುತ್ತಾರೆ. ದೇಶದ ಹಲವು ನಗರಗಳಲ್ಲಿ ಪೊಲೀಸರು ಹಿಡಿದ ತಂಡಗಳ ಕೆಲಸದ ರೀತಿ ಇದೇ.

ಈ ವಂಚಕರ ಬಂಡವಾಳ ಏನು? ಅವರ ಕೈಯಲ್ಲಿರುವ ಚಾಕುವಿಗಿಂತ ದೊಡ್ಡದು ಆ ಹುಡುಗನ ಮನೆಯವರ ಬಗೆಗಿನ ಭಯ. ಇಂಥ ವಿಷಯ ಸಿಕ್ಕರೆ ಊರಿನವರು ಸಿಕ್ಕಸಿಕ್ಕವರಿಗೆ ಕಳಿಸುತ್ತಾರೆ ಎಂಬ ಭಯ. ಮನೆಗೆ ಗೊತ್ತಾದರೂ ಪರವಾಗಿಲ್ಲ ಎನ್ನುವ ಹುಡುಗನನ್ನು ಯಾರೂ ಬ್ಲ್ಯಾಕ್‌ಮೇಲ್ ಮಾಡಲಾಗದು. ಅಂದರೆ ನಾವು ಹಂಚುವ ಒಂದೊಂದು ಫಾರ್ವರ್ಡ್ ಕೂಡ ಆ ವಂಚಕನ ಕೈ ಬಲಪಡಿಸುತ್ತದೆ.

ಹೀಗಾದರೆ ಮಾಡಬೇಕಾದ್ದು: ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್, ಫೋನ್ ನಂಬರ್, ಹಣ ಹೋದ ಯುಪಿಐ ವಿವರಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅಳಿಸಬೇಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪ್ರಾಣಕ್ಕೆ ಅಪಾಯವಿದ್ದರೆ 112. ಬೆದರಿಸಿ ಹಣ ಕೀಳುವುದು ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಅಪರಾಧ, 7 ವರ್ಷದವರೆಗೆ ಜೈಲಿದೆ. ಇಲ್ಲಿ ಅಪರಾಧಿ ಬೆದರಿಸಿದವನೇ ಹೊರತು ನೀವಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಉಚಿತ ಕಾನೂನು ನೆರವಿನ 15100ಕ್ಕೆ ಕರೆ ಮಾಡಬಹುದು.

ಊರಿನಿಂದ ಹೋಗುವವರಿಗೆ ಕೆಲವು ಮಾತು

ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರ ದಾರಿಯಾಗಿ ಬೆಂಗಳೂರಿಗೆ ಮೂರು–ನಾಲ್ಕು ಗಂಟೆಯ ಹಾದಿ. ಕ್ಲಬ್ ಮುಚ್ಚುವ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ. ಆ ಹೊತ್ತಿನಲ್ಲಿ ಗೊತ್ತಿಲ್ಲದವರ ಗಾಡಿ ಹತ್ತುವುದು, ಗೊತ್ತಿಲ್ಲದವರ ಕೋಣೆಗೆ ಹೋಗುವುದು ಅಪಾಯ. ಉಳಿಯುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ಇಬ್ಬರು ವಯಸ್ಕ ಗಂಡಸರು ಗುರುತಿನ ಚೀಟಿ ಕೊಟ್ಟು ಒಂದು ಲಾಡ್ಜ್ ಕೋಣೆಯಲ್ಲಿ ಉಳಿಯಬಾರದು ಎಂಬ ಕಾನೂನಿಲ್ಲ.

ನಂಬುವ ಒಬ್ಬ ಸ್ನೇಹಿತನಿಗಾದರೂ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ತಿಳಿಸಿ, ಲೊಕೇಶನ್ ಹಂಚಿಕೊಳ್ಳಿ. ಆ್ಯಪ್‌ನಲ್ಲಿ ಪರಿಚಯವಾದವರನ್ನು ಮೊದಲು ಹೋಟೆಲಿನಂಥ ನಾಲ್ಕು ಜನ ಓಡಾಡುವ ಕಡೆ, ಹಗಲು ಹೊತ್ತಿನಲ್ಲಿ ಕಾಣಿ. ಮುಖ ಕಾಣುವ ಖಾಸಗಿ ಫೋಟೊ ಕಳಿಸಬೇಡಿ. ನಿಮ್ಮ ಲೋಟ ನಿಮ್ಮ ಕೈಯಲ್ಲೇ ಇರಲಿ, ಬೇರೆಯವರು ಕೊಟ್ಟ ಮಾತ್ರೆ, ಪುಡಿ ಮುಟ್ಟಬೇಡಿ. ‘ಬೇಡ’ ಎಂದರೆ ಬೇಡ. ಅದು ನೀವು ಹೇಳಿದರೂ ಅಷ್ಟೇ, ನಿಮಗೆ ಹೇಳಿದರೂ ಅಷ್ಟೇ. ಒಳಗೆ ಬೇರೆಯವರ ಫೋಟೊ, ವಿಡಿಯೊ ತೆಗೆಯಬೇಡಿ. ನಿಮ್ಮ ಒಂದು ಸ್ಟೇಟಸ್‌ನಿಂದ ಹಿಂದೆ ನಿಂತಿದ್ದವನ ಕೆಲಸ, ಮನೆ ಎರಡೂ ಹೋಗಬಹುದು.

ಕುಡಿತ, ಕ್ಲಬ್ಬು ಇಷ್ಟವಿಲ್ಲದವರು ಅಥವಾ ಅಷ್ಟು ದುಡ್ಡಿಲ್ಲದವರು ತಮಗೆ ಜಾಗವೇ ಇಲ್ಲ ಎಂದುಕೊಳ್ಳಬೇಕಿಲ್ಲ. ಸಂಗಮ, ಜೀವ, ಪಯಣ, ಒಂದೆಡೆಯಂಥ ಸಂಸ್ಥೆಗಳು ಬೆಂಗಳೂರಿನಲ್ಲಿ ಕನ್ನಡದಲ್ಲೇ ಕೆಲಸ ಮಾಡುತ್ತಾ ಬಂದಿವೆ. ಕ್ವಿಯರ್ ಸಿನಿಮೋತ್ಸವ, ಪುಸ್ತಕ ಓದು, ವಾರದ ಮಾತುಕತೆ ಇಂಥವೂ ಇವೆ. ಮನಸ್ಸು ಕುಗ್ಗಿದ್ದರೆ ‘ಟೆಲಿ ಮಾನಸ್’ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿ ಕುರಿತ ಅನುಮಾನಗಳಿಗೆ 1097 ಇದೆ.

ಫಾರ್ವರ್ಡ್ ಒತ್ತುವ ಮುನ್ನ

ಮತ್ತೆ ಆ ವಿಡಿಯೊಗೆ ಬರೋಣ. ಅದು ಬೆಂಗಳೂರಿನದೇ ಎಂದು ನಿಮಗೆ ಹೇಗೆ ಗೊತ್ತು? ಯಾವಾಗ ತೆಗೆದದ್ದು? ಅದರಲ್ಲಿ ಕಾಣುವವರು ವಿಡಿಯೊ ಮಾಡಲು ಒಪ್ಪಿದ್ದರೇ? ಹಾಡು ಬದಲಿಸಿ, ಬೇರೆ ದೇಶದ ಕ್ಲಿಪ್ಪಿಗೆ ನಮ್ಮ ಊರಿನ ಹೆಸರು ಅಂಟಿಸುವುದು ಒಂದು ನಿಮಿಷದ ಕೆಲಸ. ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ನಿಮ್ಮ ಫೋನಿನಲ್ಲೇ ಅಳಿಸಿ.

ವಿಡಿಯೊದಲ್ಲಿ ಬೆತ್ತಲೆ ಅಥವಾ ಲೈಂಗಿಕ ದೃಶ್ಯವಿದ್ದರೆ, ಹಂಚಿದ ನೀವೇ ಸಿಕ್ಕಿಹಾಕಿಕೊಳ್ಳಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ಹಂಚಿದರೆ 3 ವರ್ಷದವರೆಗೆ, 67ಎ ಪ್ರಕಾರ ಲೈಂಗಿಕ ದೃಶ್ಯ ಹಂಚಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲಾಗಬಹುದು. ‘ಬಂದದ್ದನ್ನು ಕಳಿಸಿದೆ ಅಷ್ಟೇ’ ಎಂಬ ಮಾತು ನಿಮ್ಮನ್ನು ಉಳಿಸುವುದಿಲ್ಲ.

ಕಾನೂನಿಗಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಪಕ್ಕದಲ್ಲಿ ಕೂತವರು ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಉಣ್ಣುವ ಜನ ನಾವು. ಬಾಳೆಲೆಯ ಮುಂದೆ ಸಾಧ್ಯವಾದದ್ದು ಫೋನಿನ ಮುಂದೆ ಸಾಧ್ಯವಾಗದೇ? ಬೆಂಗಳೂರಿನ ಬಾರ್ ನಿಮಗೆ ಇಷ್ಟವಾಗಬೇಕಿಲ್ಲ. ಮಗ ಕುಡಿಯಬಾರದು, ರಾತ್ರಿ ಹೊತ್ತು ಎಲ್ಲೆಲ್ಲೋ ತಿರುಗಬಾರದು ಎಂದು ಹೇಳುವ ಹಕ್ಕು ಅಪ್ಪ ಅಮ್ಮನಿಗೆ ಇದ್ದೇ ಇದೆ. ಆದರೆ ಆ ರಾತ್ರಿ ಏನಾದರೂ ಹೆಚ್ಚು ಕಡಿಮೆ ಆದರೆ ಅವನು ಮೊದಲು ಫೋನ್ ಮಾಡುವುದು ನಿಮಗೇ ಆಗಿರಬೇಕು. ‘ಏನೇ ಆದರೂ ಮನೆಗೆ ಬಾ, ಆಮೇಲೆ ನೋಡೋಣ’ ಎಂಬ ಮಾತು ಅವನಿಗೆ ಮೊದಲೇ ಗೊತ್ತಿರಬೇಕು.

ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಈ ನಂಬರುಗಳನ್ನು ಮಾಡಿ: 112, 1930, 14416, 15100, 1097. ಗುಂಪಿನಲ್ಲಿ ಯಾರಿಗೋ ಇವತ್ತೇ ಬೇಕಾಗಿರಬಹುದು.